ಸಹಾಯ ಬೇಕು: ಮ್ಯೂನಿಕ್ ಕಡೆ ಇರುವ ಕನ್ನಡಿಗರು ಯಾರಾದರೂ ಇದ್ದೀರಾ?

ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಲಿಂಕನ್‌ನಲ್ಲಿ. ಪಕ್ಕದ ಮನೆಯ ಅಜ್ಜಿಯ ಅಣ್ಣ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ ಬಾಂಬರ್ ವಿಮಾನದಲ್ಲಿ ಗನ್ನರ್ (ಮೆಷಿನ್ ಗನ್ ನಡೆಸುವವರು) ಆಗಿದ್ದರು. 1944ರ ಮಾರ್ಚ್ 30ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಮೇಲಿನ ದಾಳಿಗೆ ಹೋದ ಆ ವಿಮಾನದ ಏಳು ಜನರ ತಂಡದಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಆಗ ಅಜ್ಜಿಗೆ ಎಂಟು ವರ್ಷ. ಅವತ್ತು ಬೆಳದಿಂಗಳು ಬೇರೆ. ಜರ್ಮನ್ ಫೈಟರ್ ವಿಮಾನಗಳಿಗೆ ಸಲೀಸಾಗಿ ಕಂಡುಬಿಟ್ಟರು. ಹೊರಟ ಸುಮಾರು 795 ವಿಮಾನಗಳಲ್ಲಿ 95 ವಾಪಸ್ ಬರಲೇ ಇಲ್ಲ. ಒಂದೇ ರಾತ್ರಿಗೆ!

ಏಳೂ ಜನರ ಸಮಾಧಿ ಮ್ಯೂನಿಕ್‌ನ ದಕ್ಷಿಣಕ್ಕೆ, ಡ್ಯೂರ್ನ್‌ಬಾಖ್ ಯುದ್ಧ ಸ್ಮಶಾನದಲ್ಲಿದೆ. ಆ ಕಡೆ ಹೋದರೆ ಕಲ್ಲುಗಳ ಫೋಟೋ ತೆಗೆದು ಕಳಿಸುತ್ತೀರಾ? ಅಣ್ಣನಿಗೆ ಮಾತ್ರ ಅಲ್ಲ, ಏಳು ಜನರಿಗೂ ಹೂವಿಡಬೇಕು ಅಂತ ಅಜ್ಜಿ ಎರಡೆರಡು ಸಲ ಹೇಳಿದ್ದಾರೆ. ಹೂವಿನ ದುಡ್ಡು ನಾನು ಕಳಿಸುತ್ತೇನೆ. ಹೆಸರು, ಸಾಲಿನ ನಂಬರ್ ಬೇಕಾದವರು ಮೆಸೇಜ್ ಮಾಡಿ.