ಅಪ್‌ಡೇಟ್: ಮ್ಯಾಪ್‌ನಲ್ಲಿ ಟೆಂಪೋ ಜಿಗಿಯುತ್ತಿದ್ದ ವಿಷಯ

ಪೀಣ್ಯದಿಂದ ಹೊರಟ ನಮ್ಮ ಟೆಂಪೋಗಳು ಮ್ಯಾಪ್‌ನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನಿಂತುಬಿಟ್ಟು, ಆಮೇಲೆ ಒಮ್ಮೆಲೇ ಬೊಮ್ಮಸಂದ್ರಕ್ಕೆ ಜಿಗಿಯುತ್ತವೆ, ಯಾಕೆ ಅಂತ ಕೇಳಿದ್ದೆ. ಕಾರಣ ಸಿಕ್ಕಿತು. ತೊಂದರೆ ಇದ್ದದ್ದು ಜಿಪಿಎಸ್‌ನಲ್ಲಲ್ಲ, ಗಾಡಿಯಲ್ಲಿ ಹಾಕಿರುವ ಟ್ರ್ಯಾಕಿಂಗ್ ಡಿವೈಸ್‌ನ ಸಿಮ್ ನೆಟ್‌ವರ್ಕ್‌ನಲ್ಲಿ. ಉಪಗ್ರಹಗಳ ಸಿಗ್ನಲ್‌ನಿಂದ ಗಾಡಿ ಎಲ್ಲಿದೆ ಅಂತ ಗೊತ್ತಾಗುವುದು ಆ ಡಿವೈಸ್‌ಗೆ ಮಾತ್ರ. ಅದು ನಮ್ಮ ಫೋನಿಗೆ ಬರಲು ಮೊಬೈಲ್ ನೆಟ್‌ವರ್ಕ್ ಬೇಕೇ ಬೇಕು. ನಮ್ಮದು ಹಳೆಯ 2ಜಿ ಡಿವೈಸ್. ನೆಟ್‌ವರ್ಕ್ ಹೋದಾಗ ಲೊಕೇಶನ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಕಳಿಸುತ್ತಿತ್ತು. ಅದಕ್ಕೇ ಸಂಜೆ ಹಿಸ್ಟರಿ ತೆರೆದರೆ ದಾರಿ ಪೂರ್ತಿ ಕಾಣುತ್ತಿತ್ತು! ಉಪಗ್ರಹವೇ ಸಿಗದಿದ್ದರೆ ಆ ಭಾಗ ಖಾಲಿಯೇ ಉಳಿಯುತ್ತಿತ್ತು. ಪಾಪ, ಡ್ರೈವರ್‌ಗಳು ಓನರ್ ಹತ್ತಿರ ಸುಮ್ನೆ ಬೈಸಿಕೊಂಡರು. 4ಜಿ ಡಿವೈಸ್ ಹಾಕಿದ ಮೇಲೆ ಸರಿಯಾಗಿದೆ. ಬೇಸ್‌ಮೆಂಟ್ ಗೋಡೌನ್‌ಗೆ ಇಳಿದಾಗ ಮಾತ್ರ ಈಗಲೂ ಕಾಣೆಯಾಗುತ್ತದೆ. ಅಲ್ಲಿ ಆಕಾಶವೇ ಕಾಣಲ್ಲ ಅಲ್ವಾ, ಬರೀ ಜಿಪಿಎಸ್ ಮೇಲೆ ನಡೆಯುವ ಯಾವ ಡಿವೈಸ್ ಹಾಕಿದರೂ ಅಷ್ಟೇ.