ಯುರೋಪಿನ ಕಾನೂನು ನೇರ ಲಾಗೂ ಆಗತೈತೇನ್ರಿ? ವಕೀಲ್ ಮೇಡಂಗ ಪ್ರಶ್ನೆ

ಸಿಂಧನೂರು ಮಾವ: ಮೇಡಂ ನಮಸ್ಕಾರ್ರಿ. ನಮ್ಮ ಅಕ್ಕನ ಮಗ ಜರ್ಮನಿಯೊಳಗ ಒಂದು ಪ್ರೈವೇಟ್ ಕಂಪನ್ಯಾಗ ಇದ್ದ, ಈಗ ಬಿಟ್ಟಾನ. 17 ದಿನದ ರಜೆ ಉಳದಿತ್ತು, ಅದರ ರೊಕ್ಕ ಕೊಡಂಗಿಲ್ಲ ಅಂತಾರ. ಇಲ್ಲೇ ಒಬ್ರು "ಯುರೋಪಿಯನ್ ಯೂನಿಯನ್ನಿನ ಕೆಲಸದ ತಾಸು, ರಜೆ ಬಗ್ಗೆ ಡೈರೆಕ್ಟಿವ್ 2003/88 ಐತಿ, ಅದು ಎಲ್ಲಾ ದೇಶಕ್ಕೂ ನೇರ ಲಾಗೂ, ನಂಬರ್ ಹಾಕಿ ಒಂದು ಮೇಲ್ ಒಗದ್ರ ಸಾಕು" ಅಂದ್ರು. ಒಗೀಲೇನ್ರಿ?

ವಕೀಲ್ ಮೇಡಂ, ರಾಯಚೂರು: ಮಾವಾರ, ಸ್ವಲ್ಪ ತಡೀರಿ. ಆ ಮಾತು ಅರ್ಧ ಖರೆ. ರೆಗ್ಯುಲೇಷನ್ ಅಂತ ಒಂದೈತಿ, ಡೈರೆಕ್ಟಿವ್ ಅಂತ ಇನ್ನೊಂದೈತಿ. ರೆಗ್ಯುಲೇಷನ್ ಜಾರಿ ತಾರೀಖು ಬಂತಂದ್ರ 27 ದೇಶದಾಗೂ ಅದೇ ಕಾನೂನು, ಯಾವ ಪಾರ್ಲಿಮೆಂಟೂ ಮತ್ತೊಮ್ಮೆ ಪಾಸ್ ಮಾಡೋ ಗರಜಿಲ್ಲ, ಯೂನಿಯನ್ನು ಹೆಂಗ ನಡೀಬೇಕು ಅನ್ನೋ ಒಪ್ಪಂದದ 288ನೇ ಕಲಮಿನಾಗ ಹಂಗ ಬರದೈತಿ. ಡೈರೆಕ್ಟಿವ್ ಇರೋದು ಸರ್ಕಾರಕ್ಕ, ಇಷ್ಟರೊಳಗ ಇಂಥಾದ್ದು ಆಗಬೇಕು, ಹೆಂಗ ಮಾಡ್ತೀರಿ ನೀವ ನೋಡ್ಕೋರಿ ಅಂತ. ಸರ್ಕಾರ ಗಡುವು ದಾಟಿಸಿದ್ರ, ಡೈರೆಕ್ಟಿವ್‌ನ ಮಾತು ಸ್ಪಷ್ಟ ಇದ್ದು ಷರತ್ತಿಲ್ದಿದ್ರ, ಜನ ಅದನ್ನ ಸರ್ಕಾರದ ಮ್ಯಾಲೆ ಕೋರ್ಟಿನಾಗ ಹಿಡೀಬಹುದು. ಪ್ರೈವೇಟ್‌ನವರ ಮ್ಯಾಲೆ ಅದೊಂದನ್ನ ಹಿಡಕೊಂಡು ಹೋಗಾಕ ಬರಂಗಿಲ್ಲ. ಇಂಗ್ಲೆಂಡಿನಾಗ ಮಾರ್ಷಲ್ ಅನ್ನೋ ಹೆಣಮಗಳನ್ನ ಗಂಡಸರಿಗಿಂತ ಮೊದ್ಲ ರಿಟೈರ್ ಮಾಡಿದ್ರು, 1986ರಾಗ ಆಕಿ ಗೆದ್ಲು, ಯಾಕಂದ್ರ ಆಕೀಗೆ ಕೆಲಸ ಕೊಟ್ಟಿದ್ದು ಸರ್ಕಾರಿ ಆರೋಗ್ಯ ಸಂಸ್ಥೆ.

ನಿಮ್ಮ ಹುಡುಗನ ಮಾಲೀಕ ಪ್ರೈವೇಟ್. ಬರೇ ನಂಬರ್ ಹಾಕಿದ್ರ ಅವರ ವಕೀಲ ಒಂದೇ ಸಾಲಿನಾಗ ತಿರುಗಿ ಕಳಸ್ತಾನ. ಆದ್ರ ಹುಡುಗನ ಕೈ ಖಾಲಿ ಇಲ್ರಿ. ಜರ್ಮನಿಯ ರಜಾ ಕಾಯ್ದೆ ಐತಿ, ವಾರಕ್ಕ 5 ದಿನ ಕೆಲಸ ಇದ್ರ ವರ್ಷಕ್ಕ ಕನಿಷ್ಠ 20 ದಿನ ರಜೆ, ಕೆಲಸ ಬಿಟ್ಟಾಗ ಉಳದಿದ್ದಕ್ಕ ರೊಕ್ಕ ಕೊಡಬೇಕು ಅಂತ 7ನೇ ಕಲಮಿನ 4ನೇ ಉಪಕಲಮಿನಾಗ ಐತಿ. ಮೊದ್ಲ ಅದನ್ನ ಬರೀರಿ. ಅದರ ಬೆನ್ನಿಗೆ 2018ರ ನವೆಂಬರ್ 6ರ ತೀರ್ಪು. ಜರ್ಮನಿಯಿಂದನ ಹೋದ ಕೇಸುಗಳೊಳಗ ಲಕ್ಸೆಂಬರ್ಗ್ ಕೋರ್ಟು, ಅಂದ್ರ ಯೂನಿಯನ್ನಿನ ದೊಡ್ಡ ಕೋರ್ಟು, ಪಗಾರಿನ ರಜೆ ಯೂನಿಯನ್ನಿನ ಮೂಲಭೂತ ಹಕ್ಕುಗಳ ಚಾರ್ಟರಿನ 31ನೇ ಕಲಮಿನಾಗ ಐತಿ, ಅದನ್ನ ಪ್ರೈವೇಟ್ ಮಾಲೀಕನ ಮ್ಯಾಲೂ ಹಿಡೀಬಹುದು ಅಂದೈತಿ. "ರಜೆ ತಗೋ, ಇಲ್ಲಂದ್ರ ಹೋಗತೈತಿ" ಅಂತ ಮಾಲೀಕ ಮುಂಚೇನ ತಿಳಿಸಿ ಹೇಳಿರಬೇಕು, ಸುಮ್ನ ವರ್ಷ ಮುಗೀತು ರಜೆ ಹೋತು ಅನ್ನಾಕ ಬರಂಗಿಲ್ಲ. ಡೈರೆಕ್ಟಿವ್ ಮುಟ್ಟದ ಕಡೆ ಚಾರ್ಟರ್ ಹೋಗಿ ಮುಟ್ಟೈತಿ. ದುಡಿಯೋರ ಮಟ್ಟಿಗೆ ಬಾಳ ದೊಡ್ಡ ತೀರ್ಪದು.

ನನ್ನ ಚಿಂತಿ ಬ್ಯಾರೆ ಐತಿ. ಅಲ್ಲಿ ಕಾಂಟ್ರಾಕ್ಟಿನ ಕೊನೀ ಹಾಳ್ಯಾಗ ಬಾಳ ಸಲ ಗಡುವು ಬರದಿರ್ತಾರ, ಇಷ್ಟು ತಿಂಗಳೊಳಗ ಬರವಣಿಗ್ಯಾಗ ಕೇಳಲಿಲ್ಲಂದ್ರ ಹಕ್ಕು ಹೋತು ಅಂತ. ಯಾವ ತಾರೀಖಿಗೆ ಬಿಟ್ಟಾನ? ಕಾಂಟ್ರಾಕ್ಟು, ಕೊನೀ ಪಗಾರ ಚೀಟಿ ಎರಡೂ ಕಳಸಾಕ ಹೇಳ್ರಿ.

ಗಂಗಾವತಿ ರೈಸ್ ಮಿಲ್: ಮೇಡಂ, ನಮ್ಮ ಕಡೆ ಭತ್ತಕ್ಕ ಬೆಂಕಿ ರೋಗ ಬಂದ್ರ ಟ್ರೈಸೈಕ್ಲಾಜೋಲ್ ಹೊಡೀತಾರ, ಯುರೋಪ್‌ನಾಗ ಆ ಅಕ್ಕಿ ನಡಿಯಂಗಿಲ್ಲ ಅಂತಾರ. ನಮ್ಮ ದೇಶ ಸಹಿ ಮಾಡದ ಕಾನೂನು ನಮಗ ಹೆಂಗ ಲಾಗೂ?

ವಕೀಲ್ ಮೇಡಂ: ನಿಮಗ ಲಾಗೂ ಇಲ್ಲ, ಅಲ್ಲಿ ಬಂದರಿನಾಗ ಕುಂತ ಅಧಿಕಾರಿಗೆ ಲಾಗೂ. ಅದು 2017ರ ರೆಗ್ಯುಲೇಷನ್, ಅಕ್ಕಿಯೊಳಗ ಉಳಿಯೋ ಆ ಔಷಧಕ್ಕ ಕಿಲೋಕ್ಕ 1 ಮಿಲಿಗ್ರಾಂ ಇದ್ದ ಮಿತಿ 0.01ಕ್ಕ ಇಳೀತು. ನೂರು ಟನ್ ಅಕ್ಕಿಯೊಳಗ ಒಂದು ಗ್ರಾಂ ಅಂದಂಗ. ರಾಟರ್‌ಡ್ಯಾಮ್‌ನಾಗ ಇಳಸ್ರಿ, ಹ್ಯಾಂಬರ್ಗ್‌ನಾಗ ಇಳಸ್ರಿ, ಅದೇ ಅಂಕಿ. "ಡಚ್ಚರು ಇನ್ನೂ ಕಾಯ್ದೆ ಮಾಡಿಲ್ಲಲ್ಲ" ಅಂತ ಏಜೆಂಟ್ ಹೇಳಿದ್ರ ನಂಬಬ್ಯಾಡ್ರಿ, ಅವರು ಮಾಡೋ ಗರಜೇ ಇಲ್ಲ. ಲೋಡ್ ಮಾಡೂಕಿಂತ ಮೊದ್ಲ ಲ್ಯಾಬ್ ರಿಪೋರ್ಟ್ ಮಾಡಸ್ರಿ.

ಕೊಪ್ಪಳ ಹುಡುಗ: *ಬಂದಂಗ ಕಳಸೀನಿ* "ಯುರೋಪ್ ಜಿಡಿಪಿಆರ್ ಕಾನೂನು!! ಈ ನೋಟಿಸ್ ಕಾಪಿ ಮಾಡಿ ಸಾಲದ ಆ್ಯಪ್‌ಗೆ ಕಳಿಸಿ, 72 ಗಂಟೆಯಲ್ಲಿ ನಿಮ್ಮ ಸಾಲದ ರೆಕಾರ್ಡ್ ಅಳಿಸಲೇಬೇಕು" ಮೇಡಂ ಇದು ಖರೇನ್ರಿ?

ವಕೀಲ್ ಮೇಡಂ: ಸುಳ್ಳು. ಜಿಡಿಪಿಆರ್ ಅಂದ್ರ ಮಂದಿಯ ಖಾಸಗಿ ಮಾಹಿತಿ ಕಾಯೋ ರೆಗ್ಯುಲೇಷನ್, ಅಲ್ಲಿ 2018ರ ಮೇ 25ರಿಂದ ನೇರ ಜಾರಿ ಐತಿ, ಕೊಪ್ಪಳದಾಗ ತಗೊಂಡ ಸಾಲಕ್ಕ ಅದರ ಸಂಬಂಧ ಇಲ್ಲ. ಅಲ್ಲಿ ಸಾಲ ಮಾಡಿದವರಿಗೂ ಅದು ಸಾಲ ಅಳಸಂಗಿಲ್ಲ. ಇದನ್ನ ನಂಬಿ ಕಂತು ನಿಲ್ಲಿಸಬ್ಯಾಡ್ರಿ. ಫಾರ್ವರ್ಡ್ ಕೆಳಗ ಲಿಂಕ್ ಇದ್ರ ಆಧಾರ್ ನಂಬರ್ ಹಾಕಬ್ಯಾಡ್ರಿ.

ಬಳ್ಳಾರಿ ಜೀನ್ಸ್: ಮೇಡಂ ಬಣ್ಣದ ಬಗ್ಗೆನೂ ಅಲ್ಲಿ ರೂಲ್ ಐತಂತ, ನಮ್ಮ ಯೂನಿಟ್‌ಗೆ ಏನು ಟೆಸ್ಟ್ ಮಾಡಸ್ಬೇಕು?

ಮಾನ್ವಿ: ಮೇಡಂ ಪಹಣಿಯೊಳಗ ನಮ್ಮ ಅಪ್ಪನ ಹೆಸರು ತಪ್ಪು ಬಿದ್ದೈತಿ

ಲಿಂಗಸುಗೂರು ಮೇಷ್ಟ್ರು: ಮೂಲ ಪ್ರಶ್ನೆ ಕೇಳ್ತೀನಿ. ಲಕ್ಸೆಂಬರ್ಗಿನಂಥ ಹೊರಗಿನ ಕೋರ್ಟು ಒಂದು ದೇಶದ ಪಾರ್ಲಿಮೆಂಟು ಮಾಡಿದ ಕಾನೂನನ್ನ ಬದಿಗೆ ಸರಸ್ತೈತಿ ಅಂದ್ರ ಅದು ಗುಲಾಮಗಿರಿ ಅಲ್ಲೇನು?

ಕಾರಟಗಿ ರೈತ: ಮೇಷ್ಟ್ರ, ನಮ್ಮ ಟಿಬಿ ಡ್ಯಾಮಿನ ನೀರು ಬೋರ್ಡು ಹೇಳಿದಂಗ ರಾಜ್ಯಗಳು ಹಂಚ್ಕೊಳ್ಳಂಗಿಲ್ಲೇನು, ಅದೂ ಗುಲಾಮಗಿರಿನ?

ಲಿಂಗಸುಗೂರು ಮೇಷ್ಟ್ರು: ಬೋರ್ಡು 1953ರ ಆಂಧ್ರ ರಾಜ್ಯ ಕಾಯ್ದೆ ಕೆಳಗ ಆಗಿದ್ದು, ನಮ್ಮ ಪಾರ್ಲಿಮೆಂಟಿನ ಕಾಯ್ದೆ. ಗೊತ್ತಿಲ್ದ ಹೋಲಿಸಬ್ಯಾಡ.

ಕಾರಟಗಿ ರೈತ: ಕಾಯ್ದೆ ನಿಮಗ ಗೊತ್ತಿರಬಹುದು, ಕೊನೆಭಾಗದಾಗ ಗದ್ದಿ ಒಣಗೋದು ನಮಗ ಗೊತ್ತೈತಿ. 2024ರ ಆಗಸ್ಟಿನಾಗ 19ನೇ ಗೇಟು ಕೊಚ್ಚಿ ಹೋದಾಗ ನೀವೆಲ್ಲಿದ್ರಿ?

ಸಿರುಗುಪ್ಪ: ಗೇಟಿಗೂ ಯುರೋಪಿಗೂ ಏನ್ ಸಂಬಂಧಪಾ

ಕಾರಟಗಿ ರೈತ: ನೀನು ಮೇಲ್ಭಾಗದಾಗ ಕುಂತು ಮಾತಾಡಬ್ಯಾಡ

ವಕೀಲ್ ಮೇಡಂ: ಡ್ಯಾಮಿನ ಜಗಳ ಇಲ್ಲಿಗೆ ಬಿಡ್ರಿ. ಮೇಷ್ಟ್ರ, ಆ ದೇಶಗಳು ತಾವ ಒಪ್ಪಿ ಆ ಅಧಿಕಾರ ಕೊಟ್ಟಾವ, ಬ್ಯಾಡಾದ್ರ ಬ್ರಿಟನ್ನಿನಂಗ ಹೊರಗ ಬರಬಹುದು. ಇದು ಹೆಂಗ ಶುರುವಾತು ನೋಡ್ರಿ. ನೆದರ್‌ಲ್ಯಾಂಡ್ಸಿನ ವಾನ್ ಗೆಂಡ್ ಎನ್ ಲೋಸ್ ಅನ್ನೋ ಸಾಗಾಣಿಕೆ ಕಂಪನಿ ಜರ್ಮನಿಯಿಂದ ಯೂರಿಯಾ ಫಾರ್ಮಾಲ್ಡಿಹೈಡ್ ತರಿಸ್ತು, 3 ಪರ್ಸೆಂಟ್ ಇದ್ದ ಸುಂಕ 8 ಆಗಿತ್ತು. ಹೊಸ ಸುಂಕ ಏರಸಂಗಿಲ್ಲ ಅಂತ ಆ ದೇಶಗಳು ಮಾಡ್ಕೊಂಡ ಒಪ್ಪಂದದಾಗ ಬರದಿತ್ತು. ಒಪ್ಪಂದ ಆಗಿದ್ದು ಸರ್ಕಾರ ಸರ್ಕಾರದ ನಡುವ, ವ್ಯಾಪಾರಿ ಯಾಕ ಕೇಳ್ತಾನ ಅಂತ ಸರ್ಕಾರದ ವಾದ. 1963ರ ಫೆಬ್ರವರಿ 5ಕ್ಕ ಲಕ್ಸೆಂಬರ್ಗ್ ಕೋರ್ಟು, ಈ ಒಪ್ಪಂದ ಮಂದಿಗೂ ಹಕ್ಕು ಕೊಟ್ಟೈತಿ, ಅದನ್ನ ಅವರವರ ದೇಶದ ಕೋರ್ಟೇ ಕಾಯಬೇಕು ಅಂತು. ಮುಂದಿನ ವರ್ಷ ಇಟಲಿಯ ಕೋಸ್ಟಾ ಅನ್ನೋ ವಕೀಲ 1,925 ಲಿರಾದ ಒಂದು ಕರೆಂಟ್ ಬಿಲ್ ಕಟ್ಟಂಗಿಲ್ಲ ಅಂತ ಕುಂತ. ಆ ಬಿಲ್ಲಿನ ಕೇಸಿನಾಗ, ದೇಶದ ಕಾನೂನು ಯೂನಿಯನ್ನಿನ ಕಾನೂನಿಗೆ ಅಡ್ಡ ಬಂದ್ರ ಯೂನಿಯನ್ನಿನ ಕಾನೂನ ಮೇಲು ಅಂತ ಆತು. ಒಂದು ಕರೆಂಟ್ ಬಿಲ್ಲು ಹಿಡಕೊಂಡು ಹೋದ ಮನಷಾಗ ಕೋರ್ಟು ಕಿವಿಗೊಡ್ತು, ಇದರಾಗ ಗುಲಾಮಗಿರಿ ನನಗ ಕಾಣಂಗಿಲ್ಲ.

ನಮ್ಮ ದೇಶದಾಗ ಹಂಗಿಲ್ಲ. ಸರ್ಕಾರ ಹೊರಗ ಸಹಿ ಹಾಕಿದ್ರ ಅದು ನೇರ ಕಾನೂನಾಗಂಗಿಲ್ಲ, ಸಂವಿಧಾನದ 253ನೇ ವಿಧಿ ಕೆಳಗ ಪಾರ್ಲಿಮೆಂಟು ಕಾಯ್ದೆ ಮಾಡಬೇಕು. ಆದ್ರೂ ಕಾಯ್ದೆ ಇಲ್ದ ಜಾಗದಾಗ ಸುಪ್ರೀಂ ಕೋರ್ಟು ಕೆಲಸದ ಜಾಗದಾಗ ಲೈಂಗಿಕ ಕಿರುಕುಳದ ಬಗ್ಗೆ 1997ರ ವಿಶಾಖಾ ಕೇಸಿನಾಗ, ಮಹಿಳೆಯರ ಮ್ಯಾಲಿನ ತಾರತಮ್ಯ ತಡಿಯೋ ಅಂತಾರಾಷ್ಟ್ರೀಯ ಒಪ್ಪಂದವನ್ನ ಆಧಾರ ಮಾಡ್ಕೊಂಡೈತಿ.

ಹೊಸಪೇಟೆ ರಸ್ತೆ: ಮೇಡಂ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಮಗಳ ವಿಮಾನ 5 ತಾಸು ಲೇಟು

ವಕೀಲ್ ಮೇಡಂ: ರೆಗ್ಯುಲೇಷನ್ 261/2004. ಅಲ್ಲಿಂದ ಹೊರಟ ಯಾವ ಕಂಪನಿ ವಿಮಾನಕ್ಕೂ ಲಾಗೂ, ಪ್ರೈವೇಟ್ ಆದ್ರೂ. 3,500 ಕಿಲೋಮೀಟರ್ ಮ್ಯಾಲೆ ಇದ್ರ 600 ಯೂರೋ ಪರಿಹಾರ, ಕೆಟ್ಟ ಹವಾದಂಥ ಕಾರಣ ಇರಬಾರದು. ಬೋರ್ಡಿಂಗ್ ಪಾಸ್ ಒಗೀಬ್ಯಾಡಂತ ಹೇಳ್ರಿ.

ಕುಷ್ಟಗಿ: ನಮ್ಮ ತಮ್ಮ ಲಂಡನ್‌ನಾಗ ಅದಾನ, ಅವಗೂ ರಜೆ ಚಾರ್ಟರ್ ಬರತೈತಲ್ರಿ?

ವಕೀಲ್ ಮೇಡಂ: ಇಲ್ಲ. ಬ್ರಿಟನ್ 2020ರ ಜನವರಿ 31ಕ್ಕ ಹೊರಗ ಹೋಗೈತಿ. ಅಲ್ಲಿನ ಕಾಯ್ದೆ ನೋಡ್ರಿ.

ದೇವದುರ್ಗ: ಮೇಡಂ ಆ ಜಿಡಿಪಿಆರ್ ನೋಟಿಸ್ ನನಗೂ ಬಂದೈತಿ, ಕಳಸಿದ್ರ ನಡೀತೈತಾ

ವಕೀಲ್ ಮೇಡಂ: ಮ್ಯಾಲೆ ಓದ್ರಿ.

ಕೊಪ್ಪಳ ಹುಡುಗ: ಬಾಳ ಮಂದಿಗೆ ಕೆಲಸ ಮಾಡೈತಂತ ಮೇಡಂ, ನೀವು ಒಮ್ಮೆ

ವಕೀಲ್ ಮೇಡಂ: ಯಾರಿಗೆ? ಒಬ್ಬರ ಸಾಲ ಅಳಿಸಿದ ಪತ್ರ ತೋರಸು. ಇನ್ನೊಮ್ಮೆ ಹಾಕಿದ್ರ ಅಡ್ಮಿನ್‌ಗೆ ಹೇಳಿ ತಗಸ್ತೀನಿ. ಇದನ್ನ ನಂಬಿ ಕಂತು ಬಿಟ್ಟವರ ಮನೀಗೆ ವಸೂಲಿಯವರು ಬರ್ತಾರ, ಆಗ ನೀನು ಹೋಗಿ ನಿಂದರಂಗಿಲ್ಲ.

ಸಿಂಧನೂರು ಮಾವ: ಮೇಡಂ, ಹುಡುಗ ಈಗ ಕಾಂಟ್ರಾಕ್ಟ್ ಕಳಿಸ್ಯಾನ. 11ನೇ ಹಾಳ್ಯಾಗ ಸಣ್ಣ ಅಕ್ಷರದಾಗ ಮೂರು ತಿಂಗಳು ಅಂತ ಐತ್ರಿ. ಅವ ಬಿಟ್ಟು ಎರಡು ತಿಂಗಳ 22 ದಿನ ಆತು. ಪಗಾರ ಚೀಟಿ ಕೆಳಗ ಉಳದ ರಜೆ 17 ಅಂತ ಅವರ ಬರದಾರ.

ವಕೀಲ್ ಮೇಡಂ: ಅವರ ಕೈಲೇನ ಬರದದ್ದು ಬಾಳ ಚಲೋ ಆತು. ಒಂದು ವಾರ ಉಳದೈತಿ, ನಾಳೆ ಅನ್ನಬ್ಯಾಡ್ರಿ. ಇವತ್ತ ರಾತ್ರಿನ ಮೇಲ್ ಹಾಕ್ಲಿ: ಕೆಲಸ ಬಿಟ್ಟ ತಾರೀಖು, 17 ದಿನ, ಎಷ್ಟು ಯೂರೋ, ಯಾವ ದಿನದೊಳಗ ಕೊಡಬೇಕು, ರಜಾ ಕಾಯ್ದೆ 7ನೇ ಕಲಂ, ಅದರ ಕೆಳಗ ಚಾರ್ಟರ್ 31. ಪಗಾರ ಚೀಟಿ ಜೋಡಿಸ್ಲಿ. ನಾಳೆ ಅದನ್ನ ಕಾಗದದಾಗ ಸಹಿ ಮಾಡಿ ರಿಜಿಸ್ಟರ್ಡ್ ಪೋಸ್ಟಿನಾಗನೂ ಕಳಸ್ಲಿ. ಆಮ್ಯಾಲೂ ಕೊಡಲಿಲ್ಲಂದ್ರ ಆ ಊರಿನ ಲೇಬರ್ ಕೋರ್ಟು, ಮೊದಲ ಹಂತಕ್ಕ ವಕೀಲರು ಬೇಕಂತಿಲ್ಲ, ಲಕ್ಸೆಂಬರ್ಗಿಗೆ ಹೋಗೂದೂ ಬ್ಯಾಡ. ಅನುಮಾನ ಬಂದ್ರ ಆ ಕೋರ್ಟೇ ಲಕ್ಸೆಂಬರ್ಗಿಗೆ ಬರದು ಕೇಳಬಹುದು. ಕೋರ್ಟಿಗೆ ಹೋಗಾಕೂ ಗಡುವು ಐತೇನು, ಅದೇ ಹಾಳಿ ಪೂರ್ತಿ ಓದಿ ನನಗ ಹೇಳ್ರಿ.

ಬಳ್ಳಾರಿ ಜೀನ್ಸ್: ಮೇಡಂ ಬಣ್ಣದ್ದು ಕೇಳಿದ್ದೆ

ಕಾರಟಗಿ ರೈತ: ಮೇಷ್ಟ್ರು ಉತ್ತರಾನ ಕೊಡ್ಲಿಲ್ಲ ನೋಡ್ರಿ

ಸಿಂಧನೂರು ಮಾವ: ಮೇಲ್ ಹೋತ್ರಿ ಮೇಡಂ, 9:40ಕ್ಕ.