ಚಾರ್ಟ್‌ನಲ್ಲಿ "ಬಹುಶಃ ಡಿಲೇಡ್ ಸ್ಲೀಪ್ ಫೇಸ್" ಎಂದಿದ್ದರೆ ಜಿ47.21 ಹಾಕಬಹುದೇ?

ಪ್ರಶ್ನೆ

ಅಮೆರಿಕದ ಹೊರರೋಗಿ ಚಾರ್ಟ್, ಐಸಿಡಿ-10-ಸಿಎಂ (ಅಲ್ಲಿನ ರೋಗ ಕೋಡ್‌ಗಳ ಪಟ್ಟಿ). ವೈದ್ಯರ ಅಸೆಸ್‌ಮೆಂಟ್ ಇಷ್ಟೇ: "ಬಹುಶಃ ಡಿಲೇಡ್ ಸ್ಲೀಪ್ ಫೇಸ್. ಇನ್ಸೋಮ್ನಿಯಾ. ಮೆಲಟೋನಿನ್ ಮುಂದುವರಿಸಿ." ರೋಗಿ ತುಂಬಿದ 14 ದಿನಗಳ ಸ್ಲೀಪ್ ಡೈರಿ ಸ್ಕ್ಯಾನ್ ಆಗಿದೆ, ಆಕ್ಟಿಗ್ರಫಿ (ಕೈಗೆ ಕಟ್ಟಿದ ಸಾಧನ ನಿದ್ರೆ-ಎಚ್ಚರ ದಾಖಲಿಸುವ ಪರೀಕ್ಷೆ) ರಿಪೋರ್ಟೂ ಇದೆ. ಜಿ47.21 (ಸರ್ಕೇಡಿಯನ್ ರಿದಮ್, ಅಂದರೆ ದೇಹದ ಗಡಿಯಾರದ ತೊಂದರೆಗಳಲ್ಲಿ ಡಿಲೇಡ್ ಟೈಪ್: ನಿದ್ರೆಯ ಹೊತ್ತೇ ತಡಕ್ಕೆ ಸರಿದಿರುವುದು), ಜಿ47.00 (ಇನ್ಸೋಮ್ನಿಯಾ, ಅಂದರೆ ನಿದ್ರಾಹೀನತೆ) ಎರಡನ್ನೂ ಹಾಕಿ, ಆಕ್ಟಿಗ್ರಫಿಯ ಬಿಲ್ಲಿಂಗ್ ಕೋಡ್ 95803ಕ್ಕೆ 14 ಯೂನಿಟ್ ಎಂದು ಕಳಿಸಿದ ಕ್ಲೇಮ್ ಡಿನೈ ಆಗಿ ವಾಪಸ್ ಬಂದಿದೆ. ಡೈರಿ ನೋಡಿದರೆ ಡಿಲೇಡ್ ಟೈಪ್ ಎಂಬುದರಲ್ಲಿ ಅನುಮಾನವೇ ಇಲ್ಲ. ಎಡವಿದ್ದು ಎಲ್ಲಿ? ತಿದ್ದಿ ಕಳಿಸುವಾಗ ಏನೇನು ಇರಬೇಕು?

ಉತ್ತರ 1

ಎಡವಿದ್ದು ಮೂರು ಕಡೆ. ಮೊದಲನೆಯದೇ ದೊಡ್ಡದು: "ಬಹುಶಃ" ಎಂಬ ಪದ. ಹೊರರೋಗಿ ಕೋಡಿಂಗ್‌ನಲ್ಲಿ ಅನುಮಾನದ ಡಯಾಗ್ನಸಿಸ್‌ಗೆ ಕೋಡ್ ಇಲ್ಲ, ಆ ಭೇಟಿಯಲ್ಲಿ ಖಚಿತವಾಗಿ ತಿಳಿದಷ್ಟಕ್ಕೆ ಮಾತ್ರ. ಡಿಸ್ಚಾರ್ಜ್ ಹೊತ್ತಿಗೂ ಅನುಮಾನವೇ ಉಳಿದರೆ ಖಚಿತ ಎಂಬಂತೆ ಕೋಡ್ ಮಾಡುವ ನಿಯಮ ಒಳರೋಗಿಗಳದ್ದು. ಎರಡನ್ನೂ ಬೆರೆಸಬೇಡಿ. ಈ ನೋಟ್ ಹೀಗೇ ಉಳಿದರೆ ನಿಮಗೆ ಸಿಗುವುದು ಜಿ47.00 ಮಾತ್ರ.

ಡೈರಿಯಲ್ಲಿ ಎಷ್ಟೇ ಸ್ಪಷ್ಟವಾಗಿ ಕಂಡರೂ ಟೈಪ್ ಹೇಳಬೇಕಾದವರು ವೈದ್ಯರು. ಡೈರಿ ಓದಿ ರೋಗ ಹೆಸರಿಸುವುದು ಕೋಡರ್ ಕೆಲಸವಲ್ಲ. ಅದಕ್ಕೇ ಕ್ವೆರಿ, ಅಂದರೆ ವೈದ್ಯರಿಗೆ ಬರೆದು ಸ್ಪಷ್ಟನೆ ಕೇಳುವುದು, ಇರುವುದು. ಹೀಗೆ ಬರೆಯಿರಿ:

"ಡೈರಿಯ ಪ್ರಕಾರ ನಿದ್ರೆ ಹತ್ತುವುದು ಬೆಳಗಿನ ಜಾವ 3:10ರಿಂದ 4:00, ರಜಾದಿನ ಏಳುವುದು 11:30ರ ಸುಮಾರು. ಅಸೆಸ್‌ಮೆಂಟ್‌ನಲ್ಲಿ 'ಬಹುಶಃ ಡಿಲೇಡ್ ಸ್ಲೀಪ್ ಫೇಸ್, ಇನ್ಸೋಮ್ನಿಯಾ' ಎಂದಿದೆ. ದಯವಿಟ್ಟು ಡಯಾಗ್ನಸಿಸ್ ಸ್ಪಷ್ಟಪಡಿಸಿ: ಸರ್ಕೇಡಿಯನ್ ರಿದಮ್ ಡಿಸಾರ್ಡರ್, ಡಿಲೇಡ್ ಟೈಪ್ / ಇನ್ಸೋಮ್ನಿಯಾ / ಎರಡೂ ಪ್ರತ್ಯೇಕವಾಗಿ / ಬೇರೆ / ಈಗಲೇ ಹೇಳಲಾಗದು."

ಕ್ವೆರಿಯಲ್ಲಿ ಹಣದ ಮಾತು, ಡಿನೈ ಆದ ಮಾತು ಎತ್ತಲೇಬಾರದು. ಒಂದೇ ಆಯ್ಕೆ ಕೊಟ್ಟು "ಹೌದು" ಅನ್ನಿಸಿಕೊಳ್ಳುವುದೂ ತಪ್ಪು. ಉತ್ತರ ದಿನಾಂಕ, ಸಹಿ ಸಮೇತ ಅಡೆಂಡಮ್ (ನಂತರದ ಸೇರ್ಪಡೆ) ಆಗಿ ಚಾರ್ಟ್ ಸೇರಬೇಕು.

ಎರಡನೆಯದು ಜಿ47.00. ಬೇಗ ಮಲಗಿದರೂ ನಿದ್ರೆ ಹತ್ತದಿರುವುದು ಡಿಲೇಡ್ ಟೈಪ್‌ನದೇ ಲಕ್ಷಣ. ರೋಗದೊಳಗೇ ಇರುವ ಲಕ್ಷಣಕ್ಕೆ ಬೇರೆ ಕೋಡ್ ಬೇಡ. ಜಿ47.21 ಖಚಿತವಾದ ಮೇಲೆ, ಇನ್ಸೋಮ್ನಿಯಾ ಪ್ರತ್ಯೇಕ ಕಾಯಿಲೆ ಎಂದು ವೈದ್ಯರು ಬರೆದಿದ್ದರಷ್ಟೇ ಅದನ್ನು ಉಳಿಸಿ.

ಮೂರನೆಯದು ಯೂನಿಟ್. 95803 ಇಡೀ ರೆಕಾರ್ಡಿಂಗ್‌ಗೆ ಒಂದೇ ಯೂನಿಟ್, 72 ಗಂಟೆ ಇರಲಿ, 14 ದಿನ ಇರಲಿ. ಯಾವುದೇ 14 ದಿನಗಳ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಹಾಕುವಂತಿಲ್ಲ.

ಉತ್ತರ 2

ಆಕ್ಟಿಗ್ರಫಿ ಬಗ್ಗೆ ಇನ್ನಷ್ಟು. 72 ಗಂಟೆಗಿಂತ ಕಡಿಮೆ ರೆಕಾರ್ಡ್ ಆಗಿದ್ದರೆ ಆ ಕೋಡ್‌ನ ವಿವರಣೆಗೇ ಅದು ಹೊಂದುವುದಿಲ್ಲ. ಸಾಧನ ಗ್ರಾಫ್ ಪ್ರಿಂಟ್ ಮಾಡಿಕೊಟ್ಟರೆ ರಿಪೋರ್ಟ್ ಆಗಲಿಲ್ಲ: ಶುರುವಾದ ಮತ್ತು ಮುಗಿದ ದಿನ, ಗಂಟೆ, ಕೈಯಿಂದ ಬಿಚ್ಚಿಟ್ಟ ಅವಧಿಗಳು, ವೈದ್ಯರ ವ್ಯಾಖ್ಯಾನ, ಸಹಿ ಬೇಕು. ವ್ಯಾಖ್ಯಾನ ಮಾತ್ರ ಮಾಡಿದ್ದರೆ ಕೋಡ್ ಜೊತೆ ಅದನ್ನು ತಿಳಿಸುವ ಗುರುತು, ಮಾಡಿಫೈಯರ್ 26, ಹಾಕಿ. ಆ ವ್ಯಾಖ್ಯಾನಕ್ಕೆ ಬಿಲ್ ಮಾಡಿದ ವೈದ್ಯರು ಅದೇ ಸಮಯವನ್ನು ಭೇಟಿಯ ಬಿಲ್ಲಿಂಗ್ ಲೆವೆಲ್‌ಗೂ ಲೆಕ್ಕ ಹಿಡಿಯಬಾರದು.

ಇದಕ್ಕಿಂತ ನನಗೆ ಮುಖ್ಯವೆನಿಸುವುದು ನೋಟ್‌ನ ಗುಣ. "ತಡವಾಗಿ ಮಲಗುತ್ತಾರೆ" ಎಂಬ ಸಾಲಿನಿಂದ ಏನೂ ಸಾಬೀತಾಗುವುದಿಲ್ಲ. ಗಡಿಯಾರದ ಸಮಯ ಬೇಕು. ಉದಾಹರಣೆಗೆ: "ಕೆಲಸದ ದಿನ ನಿದ್ರೆ 3:30ಕ್ಕೆ, ಅಲಾರಂ 7:00ಕ್ಕೆ, ಒಟ್ಟು ಮೂರೂವರೆ ಗಂಟೆ. ರಜಾದಿನ 3:30ರಿಂದ 11:30, ಎಂಟು ಗಂಟೆ ತಡೆಯಿಲ್ಲದ ನಿದ್ರೆ, ಎದ್ದಾಗ ಲವಲವಿಕೆ. ಎಂಟು ತಿಂಗಳಿಂದ ಹೀಗೆ." ಇನ್ಸೋಮ್ನಿಯಾದಿಂದ ಇದನ್ನು ಬೇರೆ ಮಾಡುವುದು ರಜಾದಿನದ ಆ ಸಾಲು: ತಮ್ಮ ಹೊತ್ತಿಗೆ ಮಲಗಲು ಬಿಟ್ಟರೆ ನಿದ್ರೆ ಸರಿಯಾಗೇ ಆಗುತ್ತದೆ. ಅದಕ್ಕೇ ಡೈರಿಯಲ್ಲಿ ಕೆಲಸದ ದಿನ, ರಜಾದಿನ ಎರಡೂ ಇರಬೇಕು. ನಿದ್ರಾ ಕಾಯಿಲೆಗಳ ವರ್ಗೀಕರಣವಾದ ಐಸಿಎಸ್‌ಡಿ-3 ಪ್ರಕಾರ ತೊಂದರೆ ಕನಿಷ್ಠ 3 ತಿಂಗಳದ್ದಾಗಿರಬೇಕು. ಡೈರಿ ಕನಿಷ್ಠ 7 ದಿನ, 14 ಆದರೆ ಒಳ್ಳೆಯದು.

ಪ್ರಶ್ನೆ ಕೇಳಿದವರು

ಕ್ವೆರಿ ಕಳಿಸುತ್ತೇನೆ. ಇದೇ ಬ್ಯಾಚ್‌ನಲ್ಲಿ ಇನ್ನೆರಡು ಚಾರ್ಟ್ ಇವೆ. ಒಂದರಲ್ಲಿ ಎರಡೂ ಕಣ್ಣು ಕಾಣದ ರೋಗಿಗೆ "ನಾನ್-24", ಇನ್ನೊಂದರಲ್ಲಿ "ಅಲ್ಝೈಮರ್ಸ್‌ನಿಂದಾದ ಸರ್ಕೇಡಿಯನ್ ಡಿಸಾರ್ಡರ್". ಎರಡಕ್ಕೂ ಜಿ47.27 (ಬೇರೆ ಕಾಯಿಲೆಯಲ್ಲಿ ಕಾಣುವ ಸರ್ಕೇಡಿಯನ್ ಡಿಸಾರ್ಡರ್) ಆಗುತ್ತದೆಯೇ?

ಉತ್ತರ 3

ಇಲ್ಲ. ನಾನ್-24 ಎಂದರೆ ಫ್ರೀ ರನ್ನಿಂಗ್ ಟೈಪ್ (ದೇಹದ ಗಡಿಯಾರ 24 ಗಂಟೆಯ ದಿನಕ್ಕೆ ಹೊಂದದಿರುವುದು), ಅದಕ್ಕೆ ತನ್ನದೇ ಜಿ47.24 ಇದೆ. ದೃಷ್ಟಿಹೀನತೆಗೆ ಎಚ್54 ಅಡಿಯ ಕೋಡನ್ನು ಜೊತೆಗೆ ಕೊಡಿ. ಎರಡೂ ಕಣ್ಣಿನ ಮಟ್ಟ ನೋಟ್‌ನಲ್ಲಿರಬೇಕು, ಇಲ್ಲದಿದ್ದರೆ ಪೂರ್ತಿ ಅಂಕಿ ತುಂಬಲಾಗದು. ಡೈರಿ ಇಲ್ಲಿ 14 ದಿನಕ್ಕಿಂತ ಕಡಿಮೆ ಇರಬಾರದು. ದಿನದಿಂದ ದಿನಕ್ಕೆ ನಿದ್ರೆಯ ಹೊತ್ತು ಸರಿಯುತ್ತ ಹೋಗುವುದು ಕಾಣಬೇಕಲ್ಲ. ಟಾಸಿಮೆಲ್ಟಿಯಾನ್ ಔಷಧಿಗೆ ಪ್ರಯರ್ ಆಥರೈಸೇಷನ್ (ಮುಂಗಡ ಒಪ್ಪಿಗೆ) ಕೇಳುವಾಗ ಪೇಯರ್, ಅಂದರೆ ವಿಮಾ ಸಂಸ್ಥೆ, ನೋಡುವುದೂ ಅದನ್ನೇ. ಆ ಔಷಧಿಗೆ 2014ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು ನಾನ್-24ಕ್ಕೆ.

ಅಲ್ಝೈಮರ್ಸ್ ಚಾರ್ಟ್‌ಗೆ ಜಿ47.27 ಸರಿ, ಏಕೆಂದರೆ "ನಿಂದಾದ" ಎಂದು ವೈದ್ಯರೇ ಸಂಬಂಧ ಬರೆದಿದ್ದಾರೆ. ಆದರೆ ಅದು ಮೊದಲ ಸಾಲಿಗೆ ಬರುವಂತಿಲ್ಲ. ಮೂಲ ಕಾಯಿಲೆ ಜಿ30 ಮೊದಲು, ಡಿಮೆನ್ಷಿಯಾ ದಾಖಲಾಗಿದ್ದರೆ ಎಫ್02 ಅದರ ಹಿಂದೆಯೇ. ವೈದ್ಯರು "ಇರ್‌ರೆಗ್ಯುಲರ್ ಸ್ಲೀಪ್ ವೇಕ್ ಟೈಪ್" ಎಂದು ಬರೆದಿದ್ದರೆ ದಾರಿ ಬೇರೆ, ಅದು ಜಿ47.23.

ಬ್ಯಾಚ್‌ನಲ್ಲಿ ರಾತ್ರಿ ಪಾಳಿಯವರಿದ್ದು, ವೈದ್ಯರು ಶಿಫ್ಟ್ ವರ್ಕ್ ಟೈಪ್ ಎಂದು ಬರೆದಿದ್ದರೆ ಜಿ47.26. ಅಲ್ಲಿ ಪಾಳಿಯ ಗಂಟೆ, ವಾರಕ್ಕೆ ಎಷ್ಟು ರಾತ್ರಿ, ಎಷ್ಟು ತಿಂಗಳಿಂದ ಎಂಬುದು ಬೇಕು. ಎಚ್ಚರವಾಗಿಡುವ ಔಷಧಿ ಮೊಡಾಫಿನಿಲ್ ಕೇಳಿಕೊಂಡು ಜಿ47.20 ಕಳಿಸಿದರೆ ಅದು ಟೈಪ್ ಹೇಳದ ಕೋಡ್. ಈ ಗುಂಪಿನಲ್ಲಿ ಔಷಧಿಗೆ ಒಪ್ಪಿಗೆ ಇರುವುದು ಶಿಫ್ಟ್ ವರ್ಕ್ ಟೈಪ್‌ಗೆ. ಬರೀ ಜಿ47.2 ಅಂತೂ ಕ್ಲೇಮ್‌ಗೆ ನಡೆಯುವುದೇ ಇಲ್ಲ, ಐದನೇ ಅಂಕಿ ಇರಲೇಬೇಕು.